ಲಾರಿಯ ಬೆನ್ನು ಯಾರಿಗಾಗಿ?

ನಮ್ಮ ಬ್ಯಾರಿಗಳಲ್ಲಿ ಲಾರಿಯ ಸಂಬಂಧವೇ ಇಲ್ಲದ ಕುಟುಂಬ ಹುಡುಕಿದರೆ ಸಿಗುವುದು ಕಷ್ಟ. ಒಬ್ಬರ ಅಣ್ಣ ಬಂದರಿನಿಂದ ಮೀನು ಹೇರಿಕೊಂಡು ಕೇರಳಕ್ಕೆ ಹೋಗುವವರು. ಇನ್ನೊಬ್ಬರ ಮಾವನಿಗೆ ಮರದ ವ್ಯಾಪಾರ. ಮತ್ತೊಬ್ಬರ ಅಳಿಯ ಪಣಂಬೂರಿನಿಂದ ಕಂಟೇನರ್ ಟ್ರೇಲರ್ ಓಡಿಸುವವರು. ಗುಜರಿ, ಕೆಂಪುಕಲ್ಲು, ಹೊಯ್ಗೆ, ತರಕಾರಿ, ಯಾವ ವ್ಯಾಪಾರ ತೆಗೆದುಕೊಂಡರೂ ಕೊನೆಗೆ ಅದು ಒಂದು ಲಾರಿಯ ಬಾಡಿಗೆ ಹತ್ತಿರ ಬಂದು ನಿಲ್ಲುತ್ತದೆ. ಎಷ್ಟೋ ಮನೆಗಳ ಅಡುಗೆ, ಮಕ್ಕಳ ಫೀಸು, ಹೆಣ್ಣುಮಕ್ಕಳ ಮದುವೆ ಎಲ್ಲ ನಡೆದದ್ದು ಈ ಗಾಲಿಗಳ ಮೇಲೆ.

ಹಾಗಿರುವಾಗ ಲಾರಿಗೆ ಏನೇನು ಇರಬೇಕು ಅಂತ ಕಾನೂನು ಹೇಳುತ್ತದೋ ಅದು ಆರ್‌ಟಿಒ ಕಚೇರಿಯ ವಿಷಯ, ನಮಗೆ ಎಂತಕ್ಕೆ ಎಂದು ಬಿಡುವ ಹಾಗಿಲ್ಲ. ಮನೆಯ ಹೆಂಗಸರಿಗೂ, ಓದುವ ಮಕ್ಕಳಿಗೂ ಇದು ಗೊತ್ತಿರಬೇಕು. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಎದುರಿಗೆ ಶೃಂಗಾರ, ಹಿಂದೆ ಕತ್ತಲೆ

ಹೊಸ ಲಾರಿ ಬಾಡಿ ಕಟ್ಟಿಸಿ ಮನೆಗೆ ಬಂದಾಗ ಅದರ ಮುಖ ನೋಡಬೇಕು. ಬಣ್ಣ ಬಣ್ಣದ ಬರಹ, ಗಾಜಿನ ಮೇಲೆ ಮಕ್ಕಳ ಹೆಸರು, ಎರಡು ಸಾಲು ಎಲ್‌ಇಡಿ ಲೈಟು, ಕೇಳಿದರೆ ಎದೆ ನಡುಗುವ ಹಾರ್ನು. ಇದಕ್ಕೆಲ್ಲ ದುಡ್ಡು ಲೆಕ್ಕ ಇಲ್ಲದೆ ಹೋಗುತ್ತದೆ. ಅದೇ ಲಾರಿಯ ಹಿಂದೆ ಹೋಗಿ ನಿಂತರೆ ಕಥೆ ಬೇರೆ. ಒಂದು ಟೇಲ್ ಲೈಟಿನ ಗಾಜು ಒಡೆದಿರುತ್ತದೆ, ಇನ್ನೊಂದಕ್ಕೆ ಕೆಸರು ಮೆತ್ತಿರುತ್ತದೆ. ಕೆಂಪು ಪಟ್ಟಿ ಅರ್ಧ ಕಿತ್ತು ಹೋಗಿರುತ್ತದೆ. ಕೆಳಗಿನ ಗಾರ್ಡ್ ಬಗ್ಗಿ ಚಾಸಿಯ ಅಡಿಗೆ ಸೇರಿರುತ್ತದೆ.

ಕಾನೂನು ಕೇಳುವುದು ಸರೀ ಇದರ ಉಲ್ಟಾ. ಹಲವು ಸ್ವರದ ಹಾರ್ನು ಬೇಡ ಅನ್ನುತ್ತದೆ, ಎದುರಿನವರ ಕಣ್ಣು ಕುಕ್ಕುವ ಲೈಟು ಬೇಡ ಅನ್ನುತ್ತದೆ. ಹಿಂದೆ ಮತ್ತು ಪಕ್ಕದಲ್ಲಿ ಇರಬೇಕಾದದ್ದನ್ನು ಒಂದೊಂದಾಗಿ ಹೇಳುತ್ತದೆ. ಬೇಡದ್ದಕ್ಕೆ ಖರ್ಚು ಜಾಸ್ತಿ, ಬೇಕಾದದ್ದಕ್ಕೆ ಜುಗ್ಗತನ ಅಂದರೆ ಇದೇ.

ಇದರ ಹಿಂದೆ ಒಂದು ಸಣ್ಣ ಕಾರಣ ಉಂಟು. ಲಾರಿಯ ಮುಖ ಮಾಲೀಕನಿಗೂ ಚಾಲಕನಿಗೂ ದಿನಾ ಕಾಣುತ್ತದೆ. ಬೆನ್ನು ಅವರಿಗೆ ಕಾಣುವುದಿಲ್ಲ. ಅದು ಕಾಣುವುದು ಹಿಂದೆ ಬರುವ ಅಪರಿಚಿತನಿಗೆ ಮಾತ್ರ. ಆ ಅಪರಿಚಿತನ ಜೀವ ಆ ಬೆನ್ನಿನ ಮೇಲೆ ನಿಂತಿದೆ.

ನಿಯಮ ಎಲ್ಲಿಂದ ಬಂತು

ನಮ್ಮ ದೇಶದಲ್ಲಿ ವಾಹನಗಳಿಗೆ ಮೂಲ ಕಾನೂನು 1988ರ ಮೋಟಾರು ವಾಹನ ಕಾಯ್ದೆ. ಲಾರಿಗೆ, ಟ್ರೇಲರಿಗೆ ಏನೇನು ಸಲಕರಣೆ ಇರಬೇಕು ಅನ್ನುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಉಂಟು. ಅದಕ್ಕೆ ಜೊತೆಯಾಗಿ ಕರ್ನಾಟಕದ್ದೇ ಆದ 1989ರ ನಿಯಮಗಳೂ ಇವೆ. ಇವು ಪಾಲನೆ ಆಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಇರುವುದೇ ನಾವೆಲ್ಲ ಎಫ್‌ಸಿ ಅನ್ನುವ ಅರ್ಹತಾ ಪತ್ರ. ಹೊಸ ಲಾರಿಗೆ ಮೊದಲು ಎರಡು ವರ್ಷದ ಎಫ್‌ಸಿ. ಎಂಟು ವರ್ಷ ಆಗುವ ತನಕ ಎರಡೆರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಎಂಟು ದಾಟಿದ ಮೇಲೆ ಪ್ರತಿ ವರ್ಷ.

ಅಲ್ಲಿಗೆ ಹೋಗುವ ಮೊದಲು ಲಾರಿಗೆ ಮದುಮಗನ ಸಿಂಗಾರ. ಪಟ್ಟಿ ಅಂಟಿಸುತ್ತಾರೆ, ಗಾರ್ಡ್ ಕಟ್ಟುತ್ತಾರೆ, ತ್ರಿಕೋನ ಯಾರದ್ದೋ ಲಾರಿಯಿಂದ ಸಾಲ ತರುತ್ತಾರೆ. ಎಫ್‌ಸಿ ಆದ ಮರುದಿನ ಒಂದೊಂದಾಗಿ ಬಿಚ್ಚಿ ಹೋಗುತ್ತದೆ. "ಅದೆಲ್ಲ ಎಫ್‌ಸಿಗೆ ಮಾತ್ರ ಉಸ್ತಾದ್" ಅನ್ನುವ ಮಾತು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕ ಇಲ್ಲ. ವರ್ಷಕ್ಕೆ ಒಂದು ದಿನ ನೋಡುವ ಇನ್ಸ್‌ಪೆಕ್ಟರಿಗಾಗಿ ಅದನ್ನು ಮಾಡಿದ್ದಲ್ಲ ಮಾರಾಯ್ರೆ. ಉಳಿದ 364 ರಾತ್ರಿ ಹಿಂದೆ ಬರುವವರಿಗಾಗಿ ಮಾಡಿದ್ದು.

ಮೂರು ಬಣ್ಣದ ಪಟ್ಟಿ

ಲೈಟು ಬಿದ್ದಾಗ ಹೊಳೆಯುವ ಪಟ್ಟಿಯನ್ನೇ ಮೊದಲು ತೆಗೆದುಕೊಳ್ಳೋಣ. ಎದುರಿಗೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಈ ಮೂರು ಬಣ್ಣ ಸುಮ್ಮನೆ ಚಂದಕ್ಕೆ ಇಟ್ಟದ್ದಲ್ಲ. ಕತ್ತಲಲ್ಲಿ ಬರುವವನಿಗೆ ತನ್ನ ಮುಂದಿರುವುದು ಲಾರಿಯ ಮುಖವೋ, ಬೆನ್ನೋ, ಅಡ್ಡ ನಿಂತ ಪಕ್ಕವೋ ಎಂದು ಬಣ್ಣ ನೋಡಿದ ಕೂಡಲೇ ಗೊತ್ತಾಗಬೇಕು.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರ್‌ನಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಡಿಮ್ ಲೈಟಿನಲ್ಲಿ ಬಣ್ಣಗೆಟ್ಟ, ಲೈಟಿಲ್ಲದ ಲಾರಿಯ ಹಿಂಭಾಗ ಕಾಣುವುದು ಹೆಚ್ಚೆಂದರೆ 40, 50 ಮೀಟರ್ ದೂರದಿಂದ. ಕಂಡದ್ದು ಏನೆಂದು ತಿಳಿದು ಬ್ರೇಕಿಗೆ ಕಾಲು ಹೋಗುವಾಗ ಎರಡು ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ 34 ಮೀಟರ್ ಮುಗಿಯಿತು. ಉಳಿದ ಜಾಗದಲ್ಲಿ, ಅದೂ ಮಳೆಗಾಲದ ಒದ್ದೆ ರಸ್ತೆಯಲ್ಲಿ, ಬೈಕು ನಿಲ್ಲುವುದುಂಟಾ? ಪಟ್ಟಿ ಸರಿ ಇದ್ದರೆ ಅದೇ ಡಿಮ್ ಲೈಟಿಗೆ ನೂರಾರು ಮೀಟರ್ ದೂರದಿಂದ ಹೊಳೆಯುತ್ತದೆ. ಬೈಕಿನವನಿಗೆ ಯೋಚಿಸಲು ಸಮಯ ಸಿಗುತ್ತದೆ.

ಇದನ್ನು ಅಮೆರಿಕದವರು ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿ 1993ರ ಡಿಸೆಂಬರ್‌ನಿಂದ ತಯಾರಾದ ದೊಡ್ಡ ಟ್ರೇಲರ್‌ಗಳಿಗೆ ಕೆಂಪು-ಬಿಳಿ ಪಟ್ಟಿ ಕಡ್ಡಾಯ ಆಯಿತು. 2001ರಲ್ಲಿ ಅವರ ಹೆದ್ದಾರಿ ಸುರಕ್ಷತಾ ಇಲಾಖೆ ವರದಿ ಕೊಟ್ಟಿತು. ಕತ್ತಲಲ್ಲಿ ಟ್ರೇಲರಿನ ಪಕ್ಕಕ್ಕೆ, ಹಿಂದಕ್ಕೆ ಬಂದು ಗುದ್ದುವ ಅಪಘಾತಗಳು ಪಟ್ಟಿಯಿಂದ ಶೇಕಡಾ 29ರಷ್ಟು ಕಡಿಮೆಯಾಗಿದ್ದವು. ಬೀದಿದೀಪವೇ ಇಲ್ಲದ ಜಾಗದಲ್ಲಿ ಶೇಕಡಾ 41.

ಆ ವರದಿಯಲ್ಲಿ ನಮ್ಮ ಊರಿಗೆ ತುಂಬ ಬೇಕಾದ ಇನ್ನೊಂದು ಮಾತು ಉಂಟು. ಪಟ್ಟಿ ಶುಚಿಯಾಗಿದ್ದರೆ ಕತ್ತಲಲ್ಲಿ ಹಿಂದಿನಿಂದ ಗುದ್ದುವುದು ಶೇಕಡಾ 53 ಕಡಿಮೆ. ಕೊಳೆ ಮೆತ್ತಿದ್ದರೆ ಬರೀ 27. ಅಂದರೆ ಒಂದು ಬಕೆಟ್ ನೀರು, ಒಂದು ತುಂಡು ಬಟ್ಟೆ ಪಟ್ಟಿಯ ಶಕ್ತಿಯನ್ನು ದುಪ್ಪಟ್ಟು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಲಾರಿಗಳ ಹಿಂಭಾಗ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಟೀ ಕುಡಿಯಲು ನಿಲ್ಲಿಸಿದಾಗ ಗಾಜು ಒರೆಸುವ ಕ್ಲೀನರ್ ಹುಡುಗ ಹಿಂದೆ ಹೋಗಿ ಪಟ್ಟಿ ಮತ್ತು ಲೈಟು ಒರೆಸಿದರೆ ಎರಡು ನಿಮಿಷದ ಕೆಲಸ.

ಪಟ್ಟಿ ಕೊಳ್ಳುವಾಗಲೂ ನೋಡಿ ಕೊಳ್ಳಬೇಕು. ಹೊಳೆಯುವ ಸ್ಟಿಕ್ಕರ್ ಎಲ್ಲ ಈ ಪಟ್ಟಿ ಅಲ್ಲ. ಇದಕ್ಕೆ ಎಐಎಸ್-090 ಅನ್ನುವ ಮಾನದಂಡ ಉಂಟು, ಒಳ್ಳೆಯ ಪಟ್ಟಿಯ ಮೇಲೆ ಅನುಮೋದನೆಯ ಗುರುತು ಅಚ್ಚಾಗಿರುತ್ತದೆ. ಅಗ್ಗದ್ದು ಅಂಗಡಿಯಲ್ಲಿ ಹೊಳೆಯುತ್ತದೆ, ಎರಡು ಮಳೆ ಕಂಡ ಮೇಲೆ ರಸ್ತೆಯಲ್ಲಿ ಹೊಳೆಯುವುದಿಲ್ಲ.

ಹಿಂದಿನ ಗಾರ್ಡ್ ಲಾರಿಗಲ್ಲ

ಲಾರಿಯ ಹಿಂದೆ ಗಾಲಿಯ ಆಚೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದನ್ನು ಹಲವರು ಲಾರಿಯ ಬಂಪರ್ ಅಂತ ತಿಳಿದಿದ್ದಾರೆ. ಅದು ಲಾರಿಯನ್ನು ಉಳಿಸಲು ಇರುವುದಲ್ಲ. ಹಿಂದಿನಿಂದ ಬಂದು ಗುದ್ದುವ ಕಾರು ಲಾರಿಯ ಅಡಿಗೆ ನುಗ್ಗದಂತೆ ತಡೆಯಲು ಇರುವುದು.

ಲಾರಿಯ ತಳ ನೆಲದಿಂದ ಎಷ್ಟು ಎತ್ತರ ಅಂತ ಪಕ್ಕದಲ್ಲಿ ನಿಂತು ನೋಡಿ. ಕಾರಿನ ಬಾನೆಟ್ ಅದರ ಅಡಿಗೆ ಸಲೀಸಾಗಿ ಹೋಗುತ್ತದೆ. ಮೊದಲು ತಾಗುವುದು ಕಾರಿನ ಗಾಜು, ಅದರ ಹಿಂದೆ ಕೂತವರ ತಲೆ. ಏರ್‌ಬ್ಯಾಗ್, ಸೀಟ್ ಬೆಲ್ಟ್, ಬಂಪರ್ ಇವೆಲ್ಲ ಕಾರಿನ ಮೂತಿಗೆ ಪೆಟ್ಟು ಬಿದ್ದರೆ ಕೆಲಸ ಮಾಡಲು ಮಾಡಿದ್ದು. ಮೂತಿ ಲಾರಿಯ ಅಡಿಗೆ ಹೋದ ಮೇಲೆ ಎಷ್ಟು ದುಬಾರಿ ಕಾರಾದರೂ ಒಂದೇ.

1967ರಲ್ಲಿ ಅಮೆರಿಕದ ಸಿನಿಮಾ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಸತ್ತದ್ದು ಹೀಗೆಯೇ, ರಾತ್ರಿ ಹೊತ್ತು ಅವರ ಕಾರು ಮುಂದಿದ್ದ ಟ್ರೇಲರಿನ ಅಡಿಗೆ ನುಗ್ಗಿ. ಇವತ್ತಿಗೂ ಅಲ್ಲಿ ಆ ಗಾರ್ಡಿಗೆ ಅವರ ಹೆಸರೇ ಇದೆ. ನಮ್ಮ ದೇಶದಲ್ಲಿ ಒಟ್ಟು ತೂಕ 3.5 ಟನ್ನಿಗಿಂತ ಹೆಚ್ಚಿರುವ ಲಾರಿ ಮತ್ತು ಟ್ರೇಲರಿಗೆ ಈ ಗಾರ್ಡ್ ಬೇಕು. ಅದರ ಮಾನದಂಡ ಐಎಸ್ 14812. ಖಾಲಿ ಲಾರಿಯಲ್ಲಿ ಗಾರ್ಡಿನ ಕೆಳ ಅಂಚು ನೆಲದಿಂದ 550 ಮಿಲಿಮೀಟರಿಗಿಂತ ಮೇಲೆ ಇರಬಾರದು. ಸುಮಾರು ಒಂದು ಮುಕ್ಕಾಲು ಅಡಿ, ಅಂದರೆ ನಮ್ಮ ಮೊಣಕಾಲಿನ ಎತ್ತರ. ಗಾರ್ಡ್ ಅದಕ್ಕಿಂತ ಮೇಲಿದ್ದರೆ ಅದು ಬರೀ ಅಲಂಕಾರ.

ಹೊಯ್ಗೆ, ಕಲ್ಲು ಖಾಲಿ ಮಾಡುವಾಗ ಅಡ್ಡ ಬರುತ್ತದೆ ಅಂತ ಅದನ್ನು ಕತ್ತರಿಸಿ ಮೇಲಕ್ಕೆ ವೆಲ್ಡಿಂಗ್ ಮಾಡಿಸುವವರು ಉಂಟು. ತಗಡಿನ ತೆಳು ಪೈಪು ಹಾಕಿಸಿ ಬಣ್ಣ ಬಳಿಯುವವರೂ ಉಂಟು. ಇನ್ಸ್‌ಪೆಕ್ಟರಿನ ಕಣ್ಣಿಗೆ ಪೈಪು ಕಾಣಬಹುದು. ಗುದ್ದುವ ಕಾರಿಗೆ ಅದು ಕಾಣುವುದಿಲ್ಲ, ತಡೆಯುವುದೂ ಇಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆ ವರ್ಷದ ಅಪಘಾತಗಳಲ್ಲಿ ಐದಕ್ಕೊಂದು ಹಿಂದಿನಿಂದ ಬಂದು ಗುದ್ದಿದ್ದು. ಅಪಘಾತದ ಬಗೆಗಳಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚು.

ಟ್ರೇಲರಿನ ಪಕ್ಕ

ಪಣಂಬೂರು, ಬೈಕಂಪಾಡಿ ಕಡೆಯಿಂದ ಬರುವ ಉದ್ದ ಟ್ರೇಲರ್‌ಗಳನ್ನು ನಂತೂರು, ಕೊಟ್ಟಾರ ಚೌಕಿಯಂಥ ಜಾಗದಲ್ಲಿ ತಿರುಗುವಾಗ ನೋಡಬೇಕು. ಮುಂದಿನ ಗಾಲಿ ಹೋದ ದಾರಿಯಲ್ಲಿ ಹಿಂದಿನ ಗಾಲಿ ಹೋಗುವುದಿಲ್ಲ. ಅದು ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಎಡಬದಿಯಲ್ಲಿ ಸಂದು ಕಂಡಿತು ಅಂತ ನುಗ್ಗಿದ ಸ್ಕೂಟರ್, ಎಂಜಿನ್ನಿಗೂ ಹಿಂದಿನ ಗಾಲಿಗೂ ನಡುವೆ ಸಿಕ್ಕಿಬೀಳುತ್ತದೆ. ಅಲ್ಲಿ ಎರಡು ಗಾಲಿಗಳ ನಡುವೆ ಅಡ್ಡ ಪಟ್ಟಿ ಇರಬೇಕು ಅನ್ನುವುದೂ ನಿಯಮ. ಐಎಸ್ 14682 ಪ್ರಕಾರ ಅದನ್ನು ಹಾಕಬೇಕು. ಆ ಪಟ್ಟಿ ಇದ್ದರೆ ಬಿದ್ದವನನ್ನು ಹೊರಕ್ಕೆ ತಳ್ಳುತ್ತದೆ, ಗಾಲಿಯ ಅಡಿಗೆ ಹೋಗಲು ಬಿಡುವುದಿಲ್ಲ. ಸ್ಟೆಪ್ನಿ ತೆಗೆಯಲು ಕಷ್ಟ ಅಂತ ಅದನ್ನು ಬಿಚ್ಚಿಟ್ಟರೆ ಉಳಿಯುವುದು ಖಾಲಿ ಬಾಯಿ.

ಕಂಟೇನರ್ ಹೊರುವ ಟ್ರೇಲರಿನಲ್ಲಿ ಇನ್ನೊಂದು ವಿಷಯ ಉಂಟು. ಕಂಟೇನರಿನ ನಾಲ್ಕು ಮೂಲೆಗೂ ತಿರುಗಿಸಿ ಹಾಕುವ ಲಾಕು ಇರುತ್ತದೆ. ಟ್ರೇಲರಿನ ಜೊತೆ ಕಂಟೇನರನ್ನು ಹಿಡಿದಿಡುವುದು ಆ ಲಾಕುಗಳೇ. ಇಳಿಸುವಲ್ಲಿ ತಡವಾಗುತ್ತದೆ ಅಂತ ಲಾಕು ಹಾಕದೆ ಹೊರಟರೆ ತಿರುವಿನಲ್ಲಿ ಟ್ರೇಲರ್ ಒಂದು ಕಡೆ, ಕಂಟೇನರ್ ಒಂದು ಕಡೆ. ಮರದ ದಿಮ್ಮಿ ಹೇರುವವರಿಗೆ ಪಕ್ಕದ ಗೂಟ, ಸರಪಳಿ, ಹಗ್ಗದ ವಿಷಯ ನಾವು ಹೇಳಬೇಕಾಗಿಲ್ಲ. ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಗೊತ್ತಿದ್ದದ್ದನ್ನು ಕೊನೆಯ ಟ್ರಿಪ್ಪಿನ ಅವಸರದಲ್ಲೂ ಮಾಡಬೇಕು ಅಂತ ಮಾತ್ರ ನಮ್ಮ ಮಾತು.

ನಿಂತ ಲಾರಿಯೇ ಹೆಚ್ಚು ಅಪಾಯ

ಓಡುವ ಲಾರಿಯನ್ನು ಕಂಡರೆ ಎಲ್ಲರಿಗೂ ಹೆದರಿಕೆ. ಕತ್ತಲಲ್ಲಿ ನಿಂತ ಲಾರಿಗೆ ಹೆದರಲು ಅದು ಕಾಣುವುದೇ ಇಲ್ಲ. ತಲಪಾಡಿಯಿಂದ ಕುಂದಾಪುರದ ತನಕ ಹೆದ್ದಾರಿ 66ರಲ್ಲಿ, ಬಿ.ಸಿ. ರೋಡಿನಿಂದ ಗುಂಡ್ಯ ತನಕ ಹೆದ್ದಾರಿ 75ರಲ್ಲಿ ರಾತ್ರಿ ಹೋದವರಿಗೆ ಗೊತ್ತು, ಹೋಟೆಲಿನ ಎದುರು, ಪಂಚರ್ ಅಂಗಡಿಯ ಎದುರು ರಸ್ತೆಯ ಅಂಚಿನಲ್ಲೇ ಸಾಲಾಗಿ ಲಾರಿ. ಶಿರಾಡಿ ಘಾಟಿಯಲ್ಲಂತೂ ಲೋಡು ತುಂಬಿದ ಲಾರಿ ಮೊದಲ ಗೇರಿನಲ್ಲಿ ಏರುವಾಗ ಹಿಂದೆ ಬರುವವನಿಗೆ ಅದು ನಿಂತ ಹಾಗೆಯೇ. ಮೇಲೆ ಮಾರನಹಳ್ಳಿ ಹತ್ತಿರ ಮಂಜು ಬೇರೆ.

ನಿಲ್ಲಿಸಿದ ವಾಹನಕ್ಕೂ ಪಾರ್ಕಿಂಗ್ ಲೈಟು ಉರಿಯುತ್ತಿರಬೇಕು ಅನ್ನುವುದು ಕೇಂದ್ರ ನಿಯಮ. ಎದುರಿಗೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು. ಬ್ಯಾಟರಿ ಇಳಿಯುತ್ತದೆ ಅಂತ ಎಲ್ಲ ಆಫ್ ಮಾಡಿ ಮಲಗುವವರಿಗೆ ಒಂದು ಉಪಾಯ ಉಂಟು, ರಸ್ತೆ ಬಿಟ್ಟು ಪೂರ್ತಿ ಒಳಗೆ ನಿಲ್ಲಿಸುವುದು. ರಸ್ತೆಯಲ್ಲಿ ಅಪಾಯ ಆಗುವ ಹಾಗೆ ವಾಹನ ಬಿಟ್ಟು ಹೋಗಬಾರದು ಅಂತ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತದೆ. ಸಾವು ಸಂಭವಿಸಿದರೆ ನಿಲ್ಲಿಸಿ ಹೋದವರ ಮೇಲೂ ನಿರ್ಲಕ್ಷ್ಯದ ಕೇಸು ಬೀಳುವುದು ಉಂಟು. ಗುದ್ದಿದವನದ್ದೇ ತಪ್ಪು ಅಂತ ಕೈ ಬೀಸಿ ಹೋಗಲು ಆಗುವುದಿಲ್ಲ.

ಲಾರಿ ಕೆಟ್ಟು ನಿಂತರೆ ನಮ್ಮ ಕಡೆ ಮಾಡುವುದು ಏನು? ಪಕ್ಕದ ಮರದಿಂದ ಸೊಪ್ಪಿನ ಕೊಂಬೆ ಮುರಿದು ಹಿಂದೆ ಇಡುವುದು, ಗಾಲಿಗೆ ಕಲ್ಲು ಕೊಡುವುದು. ಹಗಲಿಗೆ ಸೊಪ್ಪು ಕಾಣುತ್ತದೆ, ರಾತ್ರಿಗೆ ಅದೂ ಕಪ್ಪು, ರಸ್ತೆಯೂ ಕಪ್ಪು. ಅದಕ್ಕೇ ಕೆಂಪಾಗಿ ಹೊಳೆಯುವ ತ್ರಿಕೋನ ಲಾರಿಯಲ್ಲಿ ಇರಬೇಕು ಅನ್ನುವುದು. ಲಾರಿಯಿಂದ ನಾಲ್ಕು ಹೆಜ್ಜೆ ಹಿಂದೆ ಇಟ್ಟರೆ ಅದರಿಂದ ಪ್ರಯೋಜನ ಇಲ್ಲ. ಕಡಿಮೆಯೆಂದರೆ 50 ಮೀಟರ್ ಹಿಂದೆ ಇಡಬೇಕು, ಹೆದ್ದಾರಿಯಲ್ಲಿ ಇನ್ನೂ ದೂರ. ತಿರುವಿನಲ್ಲಿ ನಿಂತಿದ್ದರೆ ತಿರುವಿನ ಆಚೆ ಬದಿಗೇ ಹೋಗಿ ಇಡಬೇಕು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಹಾಗೆ ಸ್ವಿಚ್ ಹಾಕಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ, ಎಲ್ಲಿಯಾದರೂ ತುರ್ತಾದರೆ 112ಕ್ಕೆ ಫೋನು ಮಾಡಬೇಕು.

ಇನ್ನು ಆ ಗಾಲಿಗೆ ಕೊಟ್ಟ ಕಲ್ಲು. ರಿಪೇರಿ ಆಗಿ ಲಾರಿ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಆಮೇಲೆ ಬರುವ ಬೈಕಿನ ಮುಂದಿನ ಗಾಲಿ ಅದಕ್ಕೆ ಏರಿದರೆ ಮುಗಿಯಿತು. ದಾರಿಯಲ್ಲಿ ಬಿದ್ದ ಕಲ್ಲು ಮುಳ್ಳು ಬದಿಗೆ ಸರಿಸುವುದು ಈಮಾನಿನ ಭಾಗ ಅಂತ ಮದ್ರಸದ ಒಂದನೇ ತರಗತಿಯ ಮಕ್ಕಳಿಗೂ ನಾವು ಕಲಿಸುತ್ತೇವೆ. ಅದನ್ನು ಕಲಿತ ಹುಡುಗ ದೊಡ್ಡವನಾಗಿ ಲಾರಿ ಹತ್ತಿದ ಮೇಲೆ ಈ ಕಲ್ಲು ಆ ಪಾಠಕ್ಕೆ ಸೇರುವುದಿಲ್ಲ ಅಂತ ತಿಳಿಯಬಾರದು. ಮರದ ಅಡ್ಡೆ ಒಂದು ಲಾರಿಯಲ್ಲೇ ಇಟ್ಟುಕೊಂಡರೆ ಕಲ್ಲು ಹುಡುಕುವ ಕೆಲಸವೂ ಇಲ್ಲ, ಬಿಟ್ಟು ಹೋಗುವ ಪ್ರಶ್ನೆಯೂ ಇಲ್ಲ.

ಹೊರಗೆ ಚಾಚಿದ ಸಾಮಾನು, ಸೋರುವ ನೀರು

ಕಬ್ಬಿಣದ ಸರಳು ಲಾರಿಯ ಹಿಂದೆ ಚಾಚಿಕೊಂಡು, ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಹೋಗುವುದನ್ನು ಈಗಲೂ ಕಾಣುತ್ತೇವೆ. ಹಿಂದೆ ಸಾಮಾನು ಒಂದು ಮೀಟರ್ ತನಕ ಚಾಚಲು ನಿಯಮದಲ್ಲಿ ಜಾಗ ಇತ್ತು. ಅದನ್ನು 2014ರಲ್ಲಿ ತೆಗೆದಾಗಿದೆ. 2019ರ ತಿದ್ದುಪಡಿಯ ನಂತರ ಹಿಂದೆ, ಮುಂದೆ, ಪಕ್ಕಕ್ಕೆ ಅಥವಾ ಎತ್ತರಕ್ಕೆ ಸಾಮಾನು ಹೊರಗೆ ಚಾಚಿದರೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲಿನಿಂದ ಅದನ್ನು ಇಳಿಸುವ ಖರ್ಚು. ಕೆಂಪು ಬಟ್ಟೆ ಯಾವ ರಕ್ಷಣೆಯೂ ಅಲ್ಲ. ಮಿತಿ ಮೀರಿ ಲೋಡು ಹಾಕಿದರೆ 20,000, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹೊಯ್ಗೆ, ಜಲ್ಲಿಯಂಥದ್ದನ್ನು ತೆರೆದ ಬಾಡಿಯಲ್ಲಿ ಒಯ್ಯುವಾಗ ಟರ್ಪಾಲು ಮುಚ್ಚಲೇಬೇಕು. ಹಿಂದೆ ಬರುವ ಬೈಕಿನವನ ಕಣ್ಣಿಗೆ ಬೀಳುವ ಒಂದು ಚಿಟಿಕೆ ಹೊಯ್ಗೆ ಸಾಕು.

ನಮ್ಮ ಕರಾವಳಿಯಲ್ಲಿ ಮೀನಿನ ಲಾರಿಯ ನೀರೂ ಇದೇ ಲೆಕ್ಕಕ್ಕೆ ಬರಬೇಕು. ಐಸು ಕರಗಿದ ನೀರು ಮೀನಿನ ಎಣ್ಣೆ, ಲೋಳೆ ಸೇರಿ ರಸ್ತೆಗೆ ಸೋರಿದರೆ ಜನ ವಾಸನೆಯ ಬಗ್ಗೆ ದೂರು ಹೇಳುತ್ತಾರೆ. ವಾಸನೆಗಿಂತ ದೊಡ್ಡದು ಜಾರುವುದು. ತಿರುವಿನಲ್ಲಿ ಸ್ಕೂಟರಿನ ಗಾಲಿ ಅದರ ಮೇಲೆ ಬಂದರೆ ಹಿಡಿತ ಇಲ್ಲ. ಅಡಿಯಲ್ಲಿ ನೀರು ಹಿಡಿಯುವ ಟಾಂಕಿ ಇಟ್ಟು, ಅದಕ್ಕೆ ನಲ್ಲಿ ಹಾಕಿ, ಸರಿಯಾದ ಜಾಗದಲ್ಲಿ ಖಾಲಿ ಮಾಡುವುದು ದೊಡ್ಡ ಖರ್ಚಿನ ಕೆಲಸ ಅಲ್ಲ.

ಟ್ಯಾಂಕರಿನ ಮೇಲಿನ ಬರಹ

2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲ್‌ನಲ್ಲಿ ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಆದದ್ದನ್ನು ಇಲ್ಲಿಯ ಜನ ಮರೆತಿಲ್ಲ. ರಸ್ತೆ ಬದಿಯ ಮನೆಗಳಲ್ಲಿ ಇದ್ದವರೂ ಸುಟ್ಟು ಹೋದರು. ಅಪಾಯದ ಸಾಮಾನು ಹೊರುವ ಟ್ಯಾಂಕರಿನ ಎರಡು ಪಕ್ಕಕ್ಕೂ ಹಿಂದಕ್ಕೂ ಒಂದು ಫಲಕ ಇರಬೇಕು ಅನ್ನುವುದು ನಿಯಮ. ಅದರಲ್ಲಿ ಸಾಮಾನಿನ ಹೆಸರು, ನಾಲ್ಕು ಅಂಕೆಯ ಒಂದು ನಂಬರು, ತುರ್ತಿಗೆ ಕರೆಯುವ ಫೋನ್ ನಂಬರು ಇರುತ್ತದೆ. ಅಡುಗೆ ಅನಿಲದ ನಂಬರು 1075. ಹೆದ್ದಾರಿ ಬದಿಯ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡಿ. ಟ್ಯಾಂಕರ್ ಉರುಳಿದರೆ ನೋಡಲು ಓಡಬಾರದು, ಫೋಟೋ ತೆಗೆಯಲು ಹೋಗಬಾರದು. ಒಲೆ ಆರಿಸಿ, ಸ್ವಿಚ್ ಮುಟ್ಟದೆ, ಗಾಳಿ ಬರುವ ದಿಕ್ಕಿಗೆ ದೂರ ಹೋಗಬೇಕು. ದೂರ ಹೋದ ಮೇಲೆ 112ಕ್ಕೆ ಫೋನು ಮಾಡಬೇಕು, ಫಲಕದ ನಂಬರು ಕಂಡಿದ್ದರೆ ಅದನ್ನೂ ಹೇಳಬೇಕು. ಫಲಕ ಮಾಸಿ ಹೋಗಿದ್ದರೆ ಬರುವ ಅಗ್ನಿಶಾಮಕದವರಿಗೂ ಒಳಗೆ ಏನುಂಟು ಅಂತ ಗೊತ್ತಾಗುವುದಿಲ್ಲ.

ಖರ್ಚು ಯಾರದ್ದು?

ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ಲೈಟು ಉರಿಯದಿದ್ದರೆ ದಾರಿಯಲ್ಲಿ ಪೊಲೀಸರ ಎದುರು ಕೈ ಕಟ್ಟಿ ನಿಲ್ಲುವುದು ಚಾಲಕ. ಅಪಘಾತ ಆದರೆ ಜನರ ಪೆಟ್ಟು ತಿನ್ನುವುದೂ ಚಾಲಕನೇ. ಆದರೆ ಗಾರ್ಡ್ ಹಾಕಿಸುವುದು, ಪಟ್ಟಿ ಬದಲಿಸುವುದು, ತ್ರಿಕೋನ ತರುವುದು ಅವನ ಭತ್ತೆಯಿಂದ ಆಗುವ ಕೆಲಸವಲ್ಲ. ತ್ರಿಕೋನ ಕಳೆದು ಹೋದರೆ ಸಂಬಳದಲ್ಲಿ ಹಿಡಿದರೆ, ಅದನ್ನು ಹೊರಗೆ ತೆಗೆಯುವವರು ಯಾರು? ಸೀಟಿನ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನ ಒಳಗೇ ಭದ್ರವಾಗಿ ಇರುತ್ತದೆ.

ಕಾಯ್ದೆಯ 190ನೇ ಸೆಕ್ಷನ್ ದೋಷ ಇರುವ ವಾಹನ ಓಡಿಸಿದವರನ್ನು ಮಾತ್ರ ಅಲ್ಲ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಇನ್ನು 56ನೇ ಸೆಕ್ಷನ್ ಪ್ರಕಾರ ಎಫ್‌ಸಿ ಇಲ್ಲದ ಲಾರಿ ನೋಂದಣಿಯೇ ಆಗದ ಲಾರಿಯ ಹಾಗೆ. ಅಂಥ ಲಾರಿಯಿಂದ ಸಾವಾದರೆ ಮೊದಲು ವಿಮಾ ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟು ಹೇಳಿದ ಪ್ರಕರಣಗಳು ಉಂಟು. ಲಾರಿಯ ಸಾಲ ತೀರುವ ಮೊದಲೇ ಮನೆಯ ಜಾಗ ಮಾರಬೇಕಾಗಿ ಬರುವುದು ಇಂಥ ಸಂದರ್ಭದಲ್ಲಿಯೇ. ಪಟ್ಟಿ, ತ್ರಿಕೋನ, ಗಾರ್ಡ್ ಎಲ್ಲ ಸೇರಿಸಿದರೂ ಈ ವಸೂಲಿಯ ಎದುರು ಅದು ಏನೂ ಅಲ್ಲ.

ಚಾಲಕನಿಗಾಗಿಯೂ ಕಾನೂನು ಕೆಲವು ವಿಷಯ ಹೇಳಿದೆ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ 3.5 ಟನ್ನಿಗಿಂತ ದೊಡ್ಡ ಲಾರಿಗಳಲ್ಲಿ ಚಾಲಕನ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಬೇಸಗೆಯಲ್ಲಿ ಎಂಜಿನ್ನಿನ ಬಿಸಿಯ ಪಕ್ಕ ಹತ್ತು ಗಂಟೆ ಕೂತವನ ಕಣ್ಣು ರಾತ್ರಿ ಎಷ್ಟು ಚುರುಕಾಗಿರುತ್ತದೆ ಅಂತ ಮನೆಯವರಿಗೆ ಗೊತ್ತು. ಡೀಸೆಲ್ ಉಳಿಸಲು ಎಸಿಯ ವಯರು ಕೀಳಿಸುವ ಮಾಲೀಕರು ಈ ಲೆಕ್ಕವನ್ನೂ ಹಾಕಬೇಕು. ಲಾರಿಗಳಿಗೆ ಗಂಟೆಗೆ 80, ಟ್ಯಾಂಕರ್ ಮತ್ತು ಟಿಪ್ಪರಿಗೆ 60 ಕಿಲೋಮೀಟರ್ ಮೀರದಂತೆ ಇರುವ ವೇಗದ ತಡೆಯೂ ಹಾಗೆಯೇ. ಅದನ್ನು ಕಿತ್ತು ಹಾಕಿ ಬೇಗ ತಲುಪಿದ ಅರ್ಧ ಗಂಟೆಗೆ ಯಾವ ವ್ಯಾಪಾರಿಯೂ ಜಾಸ್ತಿ ಬಾಡಿಗೆ ಕೊಡುವುದಿಲ್ಲ.

ಮನೆಯವರು ಮಾಡಬಹುದಾದ್ದು

ಲಾರಿ, ಪಿಕಪ್, ಟೆಂಪೋ ಯಾವುದಾದರೂ ಮನೆಯ ಎದುರು ನಿಂತಿದ್ದರೆ ಈ ವಾರ ಒಂದು ಕೆಲಸ ಮಾಡಿ. ರಾತ್ರಿ ಇಶಾ ಆದ ಮೇಲೆ, ಕತ್ತಲಾದಾಗ, ಟಾರ್ಚು ಹಿಡಿದು ಐವತ್ತು ಹೆಜ್ಜೆ ಹಿಂದೆ ಹೋಗಿ ಅದರ ಬೆನ್ನಿಗೆ ಬೆಳಕು ಬಿಡಿ. ಕೆಂಪು ಪಟ್ಟಿ ಈ ತುದಿಯಿಂದ ಆ ತುದಿ ತನಕ ಹೊಳೆಯುತ್ತದಾ? ಒಳಗೆ ಒಬ್ಬರನ್ನು ಕೂರಿಸಿ ಬ್ರೇಕು ಒತ್ತಲು ಹೇಳಿ, ಎರಡೂ ಲೈಟು ಉರಿಯುತ್ತದಾ? ಇಂಡಿಕೇಟರ್ ಎರಡೂ ಮಿಣುಕುತ್ತದಾ? ದೊಡ್ಡ ಲಾರಿಯಾದರೆ ಗಾರ್ಡ್ ಮೊಣಕಾಲಿನ ಎತ್ತರದಲ್ಲಿ ಗಟ್ಟಿಯಾಗಿ ಉಂಟಾ? ತ್ರಿಕೋನ ಕವರಿನಿಂದ ಹೊರಗೆ ಬರುತ್ತದಾ? ಎಫ್‌ಸಿಯ ತಾರೀಕು ಯಾವಾಗ ಮುಗಿಯುತ್ತದೆ? ಹೈಸ್ಕೂಲಿಗೆ ಹೋಗುವ ಹುಡುಗನೋ ಹುಡುಗಿಯೋ ಇದನ್ನು ಹತ್ತು ನಿಮಿಷದಲ್ಲಿ ನೋಡಿ ಬರೆದು ಕೊಡಬಹುದು.

ಬೇರೆಯವರ ಲಾರಿಯಲ್ಲಿ ದುಡಿಯುವ ಗಂಡನೋ ಮಗನೋ ಇದ್ದರೆ, ರಜೆಯಲ್ಲಿ ಬಂದಾಗ "ಹಿಂದಿನ ಲೈಟು ಸರಿ ಉಂಟಾ? ತ್ರಿಕೋನ ಕೊಟ್ಟಿದ್ದಾರಾ?" ಅಂತ ಕೇಳಿ. ಎಷ್ಟು ಸಂಪಾದನೆ ಆಯಿತು ಅಂತ ಕೇಳುವ ಹಾಗೆಯೇ ಇದೂ ಮನೆಯ ಪ್ರಶ್ನೆ. ಇಲ್ಲ ಅಂತ ಅವನು ಹೇಳಿದರೆ ಮಾಲೀಕರ ಹತ್ತಿರ ಮಾತಾಡಲು ಅವನಿಗೆ ಧೈರ್ಯ ಕೊಡಿ. ಜಮಾಅತಿನಲ್ಲಿ ಲಾರಿ ಮಾಲೀಕರು ಹತ್ತು ಮಂದಿ ಇದ್ದರೆ ಒಳ್ಳೆಯ ಪಟ್ಟಿಯನ್ನು ಒಟ್ಟಿಗೆ ತರಿಸಿ, ಒಂದು ಭಾನುವಾರ ಎಲ್ಲ ಲಾರಿಗೂ ಹಚ್ಚಬಹುದು. ಒಟ್ಟಿಗೆ ತಂದರೆ ದರವೂ ಕಡಿಮೆ.

ಹಿಂದೆ ಬರುವ ಬೈಕಿನಲ್ಲಿ ಇರುವುದು ನಮ್ಮದೇ ಜಮಾಅತಿನ ಹುಡುಗನೂ ಇರಬಹುದು, ರಾತ್ರಿ ಪಾಳಿ ಮುಗಿಸಿ ಬರುವ ನರ್ಸೂ ಇರಬಹುದು, ಯಕ್ಷಗಾನ ನೋಡಿ ಮನೆಗೆ ಹೋಗುವ ದಂಪತಿಯೂ ಇರಬಹುದು. ಅವರು ನಮಗೆ ಯಾರೂ ಅಲ್ಲ, ಅವರ ಹೆಸರೂ ನಮಗೆ ಗೊತ್ತಿಲ್ಲ. ಲಾರಿಯ ಬೆನ್ನಿನ ಎರಡು ಇಂಚು ಕೆಂಪು ಪಟ್ಟಿ ಅವರಿಗೆ ಸಲ್ಲಬೇಕಾದದ್ದು. ಅದನ್ನು ಒರೆಸಿ ಇಡಲು ಇನ್ಸ್‌ಪೆಕ್ಟರ್ ಬರುವ ತನಕ ಕಾಯುವುದು ಬೇಡ.